ಡಾ. ಓಟ್ಟೋ ಲೋವಿ (1873–1961): ಸ್ವಾಯತ್ತ ನರಮಂಡಲದ ಚಿಕಿತ್ಸೆಗೆ ದಾರಿ ತೋರಿದ ವಿಜ್ಞಾನಿ

ಹೃದಯದ ಬಡಿತ, ರಕ್ತದೊತ್ತಡ, ಬೆವರುವಿಕೆ, ಜೀರ್ಣಕ್ರಿಯೆ ಮೊದಲಾದ ಕ್ರಿಯೆಗಳು ಮನುಷ್ಯನ ಇಚ್ಛೆಗೆ ಒಳಪಡದೆ ನಡೆಯುತ್ತವೆ. ಇವುಗಳನ್ನು ನಿಯಂತ್ರಿಸುವ ನರಗಳ ವ್ಯವಸ್ಥೆಯನ್ನು ಸ್ವಾಯತ್ತ ನರಮಂಡಲ ಎಂದು ಕರೆಯಲಾಗುತ್ತದೆ. ಈ ನರಗಳ ಆಜ್ಞೆಯು ಹೃದಯವನ್ನು ಹೇಗೆ ತಲುಪುತ್ತದೆ ಎಂಬುದನ್ನು ಪ್ರಯೋಗದ ಮೂಲಕ ತೋರಿಸಿಕೊಟ್ಟ ಕೀರ್ತಿ ಡಾ. ಓಟ್ಟೋ ಲೋವಿ ಅವರಿಗೆ ಸಲ್ಲುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಲೋವಿ ಅವರು ದಿನಾಂಕ 3-6-1873ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಯಹೂದಿ ವರ್ತಕ ಕುಟುಂಬದಲ್ಲಿ ಜನಿಸಿದರು. ಕಲೆಯ ಇತಿಹಾಸದಲ್ಲಿ ಒಲವಿದ್ದಾಗ್ಯೂ ಮನೆಯವರ ಅಪೇಕ್ಷೆಯಂತೆ ವೈದ್ಯಕೀಯ ಶಿಕ್ಷಣಕ್ಕೆ ಸೇರಿ, 1896ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ಕ್ಷಯ ಹಾಗೂ ನ್ಯುಮೋನಿಯಾ ರೋಗಿಗಳು ತಕ್ಕ ಔಷಧವಿಲ್ಲದೆ ಸಾವಿಗೀಡಾಗುವುದನ್ನು ಕಂಡು, ಔಷಧಶಾಸ್ತ್ರದ ಸಂಶೋಧನೆಗೆ ತಿರುಗಿದರು. 1909ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡರು.

ಕಪ್ಪೆಯ ಹೃದಯದ ಪ್ರಯೋಗ

ನರಗಳ ಆಜ್ಞೆಯು ವಿದ್ಯುತ್ತಿನ ರೂಪದಲ್ಲಿಯೇ ಅವಯವಗಳನ್ನು ತಲುಪುತ್ತದೆ ಎಂಬುದು ಅಂದಿನ ಬಹುತೇಕ ವಿಜ್ಞಾನಿಗಳ ಅಭಿಪ್ರಾಯವಾಗಿತ್ತು. ರಾಸಾಯನಿಕ ವಸ್ತುವೊಂದು ಮಧ್ಯವರ್ತಿಯಾಗಿರಬಹುದೆಂಬ ವಿಚಾರ ಲೋವಿ ಅವರಿಗೆ 1903ರಲ್ಲಿಯೇ ಹೊಳೆದಿತ್ತಾದರೂ, ಅದನ್ನು ಪರೀಕ್ಷಿಸುವ ಮಾರ್ಗ ತೋಚಿರಲಿಲ್ಲ. ಅನೇಕ ವರ್ಷಗಳ ನಂತರ, ಈಸ್ಟರ್ ಹಬ್ಬದ ಸಮಯದ ಒಂದು ರಾತ್ರಿ ಪ್ರಯೋಗದ ವಿಧಾನವು ನಿದ್ರೆಯಲ್ಲಿ ಗೋಚರಿಸಿತು. ನಿದ್ದೆಗಣ್ಣಿನಲ್ಲಿ ಬರೆದಿಟ್ಟ ಚೀಟಿಯನ್ನು ಬೆಳಗ್ಗೆ ಅವರಿಂದಲೇ ಓದಲಾಗಲಿಲ್ಲ. ಮರುರಾತ್ರಿ ಅದೇ ವಿಚಾರ ಪುನಃ ಬಂದಾಗ ಅವರು ಕೂಡಲೇ ಎದ್ದು ಪ್ರಯೋಗಾಲಯಕ್ಕೆ ತೆರಳಿದರು.

ಎರಡು ಕಪ್ಪೆಗಳ ಮಿಡಿಯುವ ಹೃದಯಗಳನ್ನು ಬೇರ್ಪಡಿಸಿ ಲವಣದ ದ್ರಾವಣವನ್ನು ತುಂಬಲಾಯಿತು. ಮೊದಲ ಹೃದಯದ ವೇಗಸ್ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಅದರಲ್ಲಿದ್ದ ದ್ರಾವಣವನ್ನು ಎರಡನೆಯ ಹೃದಯಕ್ಕೆ ವರ್ಗಾಯಿಸಿದಾಗ, ಯಾವ ನರವನ್ನೂ ಪ್ರಚೋದಿಸದಿದ್ದರೂ ಅದರ ಬಡಿತವೂ ನಿಧಾನವಾಯಿತು. ಬಡಿತವನ್ನು ಹೆಚ್ಚಿಸುವ ನರವನ್ನು ಪ್ರಚೋದಿಸಿ ಪಡೆದ ದ್ರಾವಣವು ಎರಡನೆಯ ಹೃದಯದ ಬಡಿತವನ್ನೂ ಹೆಚ್ಚಿಸಿತು. 1921ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಅನೇಕರು ಮೊದಲು ಸಂಶಯಿಸಿದರು. ಬಡಿತವನ್ನು ನಿಧಾನಗೊಳಿಸುವ ವಸ್ತು ಅಸಿಟೈಲ್‌ಕೋಲಿನ್ ಎಂಬುದು ತರುವಾಯ ದೃಢಪಟ್ಟಿತು. 1936ರಲ್ಲಿ ಲೋವಿ ಹಾಗೂ ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೆ ಜಂಟಿಯಾಗಿ ನೊಬೆಲ್ ಪ್ರಶಸ್ತಿ ನೀಡಲಾಯಿತು.

ಬಂಧನ ಮತ್ತು ವಲಸೆ

1938ರ ಮಾರ್ಚ್‌ನಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ ಲೋವಿ ಅವರನ್ನು ರಾತ್ರೋರಾತ್ರಿ ಬಂಧಿಸಲಾಯಿತು. ತಮ್ಮನ್ನು ಕೊಲ್ಲಬಹುದೆಂದು ಅವರು ಭಾವಿಸಿದ್ದರು. ಕೊನೆಯ ಪ್ರಯೋಗಗಳ ಫಲಿತಾಂಶ ತಮ್ಮೊಂದಿಗೇ ಅಳಿಯುವುದೆಂಬ ಚಿಂತೆ ಅವರನ್ನು ಕಾಡಿತು. ಸೆರೆಮನೆಯಲ್ಲಿ ಅಂಚೆ ಕಾರ್ಡೊಂದನ್ನು ಕೇಳಿ ಪಡೆದು, ಅದರಲ್ಲಿ ಫಲಿತಾಂಶವನ್ನು ಬರೆದು ವಿಜ್ಞಾನ ಪತ್ರಿಕೆಗೆ ಕಳುಹಿಸಿದ ನಂತರವೇ ಅವರಿಗೆ ನೆಮ್ಮದಿ ಉಂಟಾಯಿತು. ಸುಮಾರು ಎರಡು ತಿಂಗಳ ನಂತರ ಬಿಡುಗಡೆಯಾಯಿತು. ಆದರೆ ಸ್ವೀಡನ್ನಿನ ಬ್ಯಾಂಕಿನಲ್ಲಿದ್ದ ನೊಬೆಲ್ ಪ್ರಶಸ್ತಿಯ ಹಣವನ್ನು ನಾಜಿಗಳ ಹಿಡಿತದ ಬ್ಯಾಂಕಿಗೆ ವರ್ಗಾಯಿಸಿದ ಬಳಿಕವೇ ದೇಶ ಬಿಡಲು ಅನುಮತಿ ದೊರೆಯಿತು. ತಮ್ಮ 65ನೇ ವಯಸ್ಸಿನಲ್ಲಿ ಬರಿಗೈಯಲ್ಲಿ ಹೊರಟ ಅವರು 1940ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯವನ್ನು ಸೇರಿದರು. ದಿನಾಂಕ 25-12-1961ರಂದು ನಿಧನರಾದರು.

ಸಂಶೋಧನೆಯ ಪ್ರಯೋಜನ

ನರಗಳ ಆಜ್ಞೆಯನ್ನು ಒಯ್ಯುವುದು ರಾಸಾಯನಿಕ ವಸ್ತುವಾದುದರಿಂದ, ಅದನ್ನು ಔಷಧದಿಂದ ಹೆಚ್ಚಿಸಲು ಅಥವಾ ತಡೆಯಲು ಸಾಧ್ಯವಾಗಿದೆ. ಹೃದಯದ ಬಡಿತ ಅಪಾಯಕರವಾಗಿ ನಿಧಾನಗೊಂಡಾಗ ನೀಡುವ ಅಟ್ರೋಪಿನ್ ಇದಕ್ಕೆ ಉದಾಹರಣೆ. ಅಸಿಟೈಲ್‌ಕೋಲಿನ್ ಅನ್ನು ದೇಹದ ಕಿಣ್ವವೊಂದು ನಾಶಪಡಿಸುತ್ತದೆ ಎಂಬುದನ್ನೂ ಲೋವಿ ಮತ್ತು ಸಹೋದ್ಯೋಗಿಗಳು 1926ರಲ್ಲಿ ತೋರಿಸಿದರು. ಆರ್ಗನೋಫಾಸ್ಫೇಟ್ ಕೀಟನಾಶಕಗಳು ಇದೇ ಕಿಣ್ವವನ್ನು ತಡೆಯುವುದರಿಂದ ರೈತರ ಪ್ರಾಣಕ್ಕೆ ಅಪಾಯ ಒದಗುತ್ತದೆ. ಆಗಲೂ ಅಟ್ರೋಪಿನ್ ಮುಖ್ಯ ಔಷಧವಾಗಿರುತ್ತದೆ.

ಸಾರ್ವಜನಿಕರ ಗಮನಕ್ಕೆ

1. ದೀರ್ಘಕಾಲದ ಮಧುಮೇಹದಿಂದಲೂ ಸ್ವಾಯತ್ತ ನರಗಳಿಗೆ ಹಾನಿಯಾಗಬಹುದು. ಎದ್ದು ನಿಂತಾಗ ತಲೆಸುತ್ತು, ಬೆವರುವಿಕೆಯಲ್ಲಿ ವ್ಯತ್ಯಾಸ, ಮಲಬದ್ಧತೆ ಇತ್ಯಾದಿ ಲಕ್ಷಣಗಳು ಕಂಡುಬಂದಲ್ಲಿ ವೈದ್ಯರನ್ನು ಕಾಣತಕ್ಕದ್ದು.
2. ಇಂತಹವರು ಹಾಸಿಗೆಯಿಂದ ನಿಧಾನವಾಗಿ ಏಳುವುದು ಸೂಕ್ತ. ವೈದ್ಯರ ಸಲಹೆಯಿಲ್ಲದೆ ಔಷಧಗಳನ್ನು ನಿಲ್ಲಿಸಬಾರದು.
3. ಕೀಟನಾಶಕ ದೇಹ ಸೇರಿದ ಸಂದರ್ಭದಲ್ಲಿ ವಿಳಂಬ ಮಾಡದೆ ಸಮೀಪದ ಆಸ್ಪತ್ರೆಗೆ ಕರೆದೊಯ್ಯುವುದು.