ಪ್ಯಾಟ್ರಿಕ್ ಗೆಡ್ಡೆಸ್: ನಗರಸಿದ್ಧಾಂತ ಮತ್ತು ಸಂಸ್ಕೃತಿಯ ಗಡಿ

ಸ್ಕಾಟ್ಲೆಂಡಿನಲ್ಲಿ 1854ರಲ್ಲಿ ಜನಿಸಿದ ಪ್ಯಾಟ್ರಿಕ್ ಗೆಡ್ಡೆಸ್ ಮೂಲತಃ ಜೀವವಿಜ್ಞಾನಿ. 1880ರ ದಶಕದಲ್ಲಿ ಎಡಿನ್‌ಬರೋದ ಹಳೆಯ ಪಟ್ಟಣದ ಶಿಥಿಲ ವಠಾರವೊಂದರಲ್ಲಿ ಪತ್ನಿಯೊಡನೆ ನೆಲೆಸಿ, ಕೆಡಹುವುದಕ್ಕಿಂತ ದುರಸ್ತಿಯೇ ಮೇಲೆಂಬುದನ್ನು ಅನುಭವದಿಂದ ಅರಿತರು. 1914ರಲ್ಲಿ ಭಾರತಕ್ಕೆ ಬಂದ ಅವರು ತಂಜಾವೂರು, ಮಧುರೆ, ಇಂದೋರ್ ಮೊದಲಾದ ನಗರಗಳನ್ನು ಕುರಿತು ವರದಿಗಳನ್ನು ರಚಿಸಿದರು. ಹಳೆಯ ಓಣಿಗಳನ್ನು ಸೀಳಿ ನೇರ ರಸ್ತೆ ಹಾಯಿಸುವ, ಕೆರೆಗಳನ್ನು ಮುಚ್ಚುವ ಅಂದಿನ ಯೋಜನೆಗಳನ್ನು ಈ ವರದಿಗಳು ಪ್ರಶ್ನಿಸಿದವು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಥಮ ಪ್ರಾಧ್ಯಾಪಕರಾದ ಗೆಡ್ಡೆಸ್, 1932ರಲ್ಲಿ ಫ್ರಾನ್ಸಿನಲ್ಲಿ ನಿಧನರಾದರು. ಸ್ಥಳ, ಕಸುಬು, ಜನ ಎಂಬ ಅವರ ವಿಶ್ಲೇಷಣೆಯ ಚೌಕಟ್ಟು ಫ್ರೆಂಚ್ ಚಿಂತಕ ಲ ಪ್ಲೇ ಅವರಿಂದ ಪ್ರೇರಿತವಾದುದು. ಯೂರೋಪಿನ ಈ ಚೌಕಟ್ಟು ಭಾರತದಲ್ಲಿ ಫಲಪ್ರದವಾದುದು, ಯೋಜನೆಗೆ ಮುನ್ನ ಸಮೀಕ್ಷೆ ಎಂಬ ಅವರ ಶಿಸ್ತಿನ ಮೂಲಕ ಆಯಾ ಊರಿನ ವಾಸ್ತವಕ್ಕೆ ಮಣಿದಾಗ ಮಾತ್ರ ಎಂಬುದು ಗಮನಾರ್ಹ.