ಮೇಜರ್ ಟೇಲರನ ಚರಿತ್ರೆ

2006-07ನೆಯ ಸಾಲಿನಲ್ಲಿ ನಮ್ಮ ರಾಜ್ಯದ ಸರಕಾರವು ಎಂಟನೆಯ ತರಗತಿಯ ಬಾಲಕಿಯರಿಗೆ ಬೈಸಿಕಲ್ಲುಗಳನ್ನು ಕೊಡಲು ತೊಡಗಿದ ಮೇಲೆ, ತಾಳ್ಯದ ಸುತ್ತಣ ಹಳ್ಳಿಗಳಲ್ಲಿಯೂ ಹೆಣ್ಣುಮಕ್ಕಳು ಬೈಸಿಕಲ್ಲನ್ನೇರಿ ಶಾಲೆಗೆ ಹೊರಡುವುದು ಸಾಮಾನ್ಯವಾದ ನೋಟವಾಯಿತು. ಆದುದರಿಂದ ಈ ಸ್ಮರಣ ಸಂಚಿಕೆಗಾಗಿ ನಾವು ಒಬ್ಬ ಬೈಸಿಕಲ್ ಸವಾರನ ಚರಿತ್ರೆಯನ್ನೇ ಆರಿಸಿಕೊಂಡಿದ್ದೇವೆ. ಅವನ ವೇಗವು ಲೋಕಪ್ರಸಿದ್ಧವಾದುದು. ಆದರೆ ಪರದೇಶದಲ್ಲಿ ಒಂದು ಋತುವನ್ನು ಕಳೆಯಲು ಹೋದಾಗ ಅವನು ತನ್ನ ನೇಮವನ್ನು ಕಾಪಾಡಿಕೊಂಡ ರೀತಿಯೇ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ವಿಚಾರಮಾಡತಕ್ಕ ವಿಷಯವೆಂದು ನಮಗೆ ತೋರುತ್ತದೆ.

ಮಾರ್ಷಲ್ ವಾಲ್ಟರ್ ಟೇಲರನು 1878ನೆಯ ನವೆಂಬರ್ 26ರಂದು ಅಮೆರಿಕ ದೇಶದ ಇಂಡಿಯಾನಾಪೊಲಿಸ್ ನಗರದಲ್ಲಿ ಕಪ್ಪು ಜನಾಂಗದ ಒಂದು ಬಡ ಕುಟುಂಬದಲ್ಲಿ ಜನಿಸಿದನು. ಅವನ ತಂದೆ ಸೌತರ್ಡ್ ಎಂಬ ಸಿರಿವಂತರ ಮನೆಯಲ್ಲಿ ಸಾರಥಿಯಾಗಿದ್ದನು. ಆ ಮನೆಯ ಮಗನಿಗೆ ಈ ಬಾಲಕನು ಜೊತೆಗಾರನಾದನು. ಅವನೊಡನೆ ಪಾಠ ಕಲಿತನು, ಅವನೊಡನೆಯೇ ಆಡಿದನು. ಅವನಿಗೆ ಮೊದಲನೆಯ ಬೈಸಿಕಲ್ಲು ದೊರೆತುದೂ ಆ ಮನೆಯವರಿಂದಲೇ. ಆದರೆ ಅದೇ ಊರಿನ ಕ್ರೈಸ್ತ ಯುವಜನರ ಸಂಘದ ವ್ಯಾಯಾಮಶಾಲೆಗೆ ಇತರ ಹುಡುಗರು ಹೋದಾಗ, ಚರ್ಮದ ಬಣ್ಣದ ಕಾರಣದಿಂದ ಇವನೊಬ್ಬನಿಗೆ ಪ್ರವೇಶವಿಲ್ಲದೆ ಹೋಯಿತು. ಕ್ರಿಸ್ತನ ಹೆಸರನ್ನು ಹೊತ್ತ ಬಾಗಿಲು ಒಬ್ಬ ಮಗುವಿಗೆ ಮುಚ್ಚಿತೆಂಬುದನ್ನು ಕ್ರೈಸ್ತರಾದ ನಾವು ಮರೆಮಾಡದೆ ಹೇಳಬೇಕಾಗಿದೆ.

ಸೌತರ್ಡರು ಊರು ಬಿಟ್ಟ ಮೇಲೆ ಬಾಲಕನು ವೃತ್ತಪತ್ರಿಕೆಗಳನ್ನು ಹಂಚಿದನು. ಬಳಿಕ ಒಂದು ಬೈಸಿಕಲ್ ಅಂಗಡಿಯವರು ಅವನ ಚಮತ್ಕಾರಗಳನ್ನು ಕಂಡು, ಸೈನಿಕನ ಉಡುಪನ್ನು ತೊಡಿಸಿ, ಅಂಗಡಿಯ ಮುಂದೆ ಜನರನ್ನು ಸೆಳೆಯುವ ಕೆಲಸಕ್ಕೆ ಇಟ್ಟುಕೊಂಡರು. ಆ ಉಡುಪಿನಿಂದಲೇ ಅವನಿಗೆ ಮೇಜರ್ ಎಂಬ ಹೆಸರು ಬಂದು, ಕೊನೆಯವರೆಗೂ ನಿಂತಿತು. ಹಿಂದೆ ಸ್ಪರ್ಧಾಳುವಾಗಿದ್ದು ಬೈಸಿಕಲ್ಲುಗಳನ್ನು ತಯಾರಿಸುತ್ತಿದ್ದ ಲೂಯಿ ಮಂಗರ್ ಎಂಬ ಬಿಳಿಯನು ಅವನಲ್ಲಿದ್ದ ಶಕ್ತಿಯನ್ನು ಗುರುತಿಸಿ, 1895ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ವೂಸ್ಟರ್ ಪಟ್ಟಣಕ್ಕೆ ಕರೆದುಕೊಂಡು ಹೋದನು. ಅಲ್ಲಿಯ ಕ್ರೈಸ್ತ ಯುವಜನರ ಸಂಘವು ಅವನನ್ನು ಆದರದಿಂದ ಸೇರಿಸಿಕೊಂಡಿತು. 1896ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಆರು ದಿನಗಳ ಪಂದ್ಯದಲ್ಲಿ, ಹದಿನೆಂಟು ವರ್ಷದ ಈ ತರುಣನು 1,732 ಮೈಲಿಗಳನ್ನು ತುಳಿದು ಎಂಟನೆಯವನಾದನು.

ಆದರೆ ಸ್ವದೇಶದ ಪಂದ್ಯಗಳಲ್ಲಿ ಅವನು ಪಟ್ಟ ಕಷ್ಟವು ಸಾಮಾನ್ಯವಾದುದಲ್ಲ. ಅಮೆರಿಕದ ಬೈಸಿಕಲ್ ಸವಾರರ ಮಹಾಸಂಘವು 1894ರಲ್ಲಿಯೇ ಕಪ್ಪು ಜನರಿಗೆ ಸದಸ್ಯತ್ವವನ್ನು ನಿಷೇಧಿಸಿತ್ತು. ಓಟದಲ್ಲಿ ಇತರರು ಒಟ್ಟುಗೂಡಿ ಅವನನ್ನು ಸುತ್ತುಗಟ್ಟಿ ಮುಂದೆ ಹೋಗಗೊಡುತ್ತಿರಲಿಲ್ಲ. 1897ರಲ್ಲಿ ಒಂದು ಪಂದ್ಯದ ಕೊನೆಗೆ ಎದುರಾಳಿಯೊಬ್ಬನು ಅವನಿಗೆ ಪ್ರಜ್ಞೆ ತಪ್ಪುವವರೆಗೆ ಕತ್ತು ಹಿಸುಕಿದನು. ಇಷ್ಟಾದರೂ ಅವನು 1899ರ ಆಗಸ್ಟಿನಲ್ಲಿ ಮಾಂಟ್ರಿಯಲ್ ನಗರದಲ್ಲಿ ಒಂದು ಮೈಲಿಯ ಓಟವನ್ನು ಗೆದ್ದು ಜಗಜ್ಜೆಟ್ಟಿಯೆನಿಸಿಕೊಂಡನು.

ಇದಕ್ಕೆ ಮುಂಚೆ, 1898ರಲ್ಲಿ, ಅವನ ತಾಯಿ ತೀರಿಕೊಂಡಿದ್ದಳು. ಆಕೆಯ ಭಕ್ತಿಯು ಮಗನ ಮನಸ್ಸಿನಲ್ಲಿ ಆಳವಾಗಿ ಬೇರೂರಿತ್ತು. ಅವನು ವೂಸ್ಟರಿನ ಬ್ಯಾಪ್ಟಿಸ್ಟ್ ಸಭೆಯಲ್ಲಿ ದೀಕ್ಷಾಸ್ನಾನವನ್ನು ಹೊಂದಿ, ಕರ್ತನ ದಿನದಲ್ಲಿ ಪಂದ್ಯಕ್ಕೆ ಇಳಿಯುವುದಿಲ್ಲವೆಂಬ ನೇಮವನ್ನು ಹಿಡಿದನು. ಇದು ಅಲ್ಪವಾದ ತ್ಯಾಗವಲ್ಲ. ಯೂರೋಪಿನಲ್ಲಿ ದೊಡ್ಡ ಪಂದ್ಯಗಳು ನಡೆಯುತ್ತಿದ್ದುದೇ ಆದಿತ್ಯವಾರಗಳಲ್ಲಿ. ಫ್ರಾನ್ಸಿನವರು ಸಾವಿರಾರು ಡಾಲರುಗಳನ್ನು ಮುಂದೊಡ್ಡಿ ಕರೆದರೂ ಅವನು ಒಪ್ಪಲಿಲ್ಲ. ಕೊನೆಗೆ ಅವರೇ ಮಣಿದು, ಆದಿತ್ಯವಾರದ ಓಟವಿಲ್ಲದ ಕರಾರಿಗೆ ರುಜು ಹಾಕಿದರು.

ಹೀಗೆ 1901ರ ಮಾರ್ಚಿ ತಿಂಗಳಿನಲ್ಲಿ, ಇಪ್ಪತ್ತೆರಡು ವರ್ಷದ ಟೇಲರನು ಸತ್ಯವೇದವನ್ನು ಜೊತೆಯಲ್ಲಿಟ್ಟುಕೊಂಡು ಹಡಗನ್ನೇರಿದನು. ಭಾಷೆ ಹೊಸದು, ಊಟ ಹೊಸದು, ಜನ ಹೊಸಬರು. ಪ್ಯಾರಿಸಿನ ವಸಂತದ ಚಳಿಯು ಅವನ ಮೈಗೆ ಒಗ್ಗಲಿಲ್ಲ. ಬಿಸಿಲಿದ್ದರಲ್ಲದೆ ಅವನ ಕಾಲುಗಳು ಪಳಗುತ್ತಿರಲಿಲ್ಲ. ಆದರೆ ಸ್ವದೇಶದಲ್ಲಿ ಅನೇಕ ಹೊಟೇಲುಗಳು ಯಾರನ್ನು ಹೊರಗೆ ನಿಲ್ಲಿಸಿದ್ದುವೋ, ಅವನನ್ನು ಇಲ್ಲಿಯ ಜನರು ಬೀದಿ ಬೀದಿಗಳಲ್ಲಿ ಮುತ್ತಿಕೊಂಡು ಆದರಿಸಿದರು. ಇಂಥ ಆದರವು ನಿಂದೆಗಿಂತಲೂ ಹೆಚ್ಚಾಗಿ ಮನುಷ್ಯನನ್ನು ಸಡಿಲಿಸಬಲ್ಲುದು. ಟೇಲರನಾದರೋ ಮದ್ಯವನ್ನು ಮುಟ್ಟದೆ ಕ್ರಮವಾಗಿ ಅಭ್ಯಾಸಮಾಡುತ್ತ, ಆದಿತ್ಯವಾರ ಜನರು ಪಂದ್ಯಕ್ಕೆ ನೆರೆದಾಗ ತಾನು ವಿಶ್ರಾಂತಿಯಲ್ಲಿದ್ದನು.

ಫ್ರಾನ್ಸಿನ ವೀರನಾದ ಎಡ್ಮಂಡ್ ಜಾಕ್ಲಿನನೊಡನೆ ಅವನ ಸ್ಪರ್ಧೆಯು ಪಾರ್ಕ್ ದೆ ಪ್ರಾನ್ಸ್ ಮೈದಾನದಲ್ಲಿ ಮೇ 16ರಂದು ಏರ್ಪಟ್ಟಿತು. ಅದು ಕ್ರಿಸ್ತನ ಸ್ವರ್ಗಾರೋಹಣದ ಗುರುವಾರ. ಹಬ್ಬದ ರಜೆಯಾದುದರಿಂದ ಆದಿತ್ಯವಾರವಲ್ಲದಿದ್ದರೂ ಜನಸಂದಣಿಯು ಅಪಾರವಾಗಿತ್ತು. ಇಂಥ ಓಟದಲ್ಲಿ ಇಬ್ಬರೂ ಮೊದಲು ನಿಧಾನವಾಗಿ, ಒಬ್ಬರನ್ನೊಬ್ಬರು ನೋಡುತ್ತ ಸಾಗುವರು. ಹಿಂದಿರುವವನಿಗೆ ಮುಂದಿನವನ ಮರೆಯಲ್ಲಿ ಗಾಳಿಯ ತಡೆ ಕಡಮೆ. ತಕ್ಕ ಕ್ಷಣದಲ್ಲಿ ಸಿಡಿದು ಮುನ್ನುಗ್ಗಿದವನಿಗೆ ಜಯ. ಆ ದಿನ ಚಳಿ ಹೆಚ್ಚಾಗಿದ್ದು, ಟೇಲರನು ಎರಡು ಸುತ್ತುಗಳಲ್ಲಿಯೂ ಸೋತನು. ಗೆದ್ದವನು ಮೂಗಿಗೆ ಹೆಬ್ಬೆರಳಿಟ್ಟು ಅಣಕಿಸಿದನು. ಟೇಲರನು ಪ್ರತಿಯಾಗಿ ಏನನ್ನೂ ಮಾಡದೆ ಮತ್ತೊಂದು ಪಂದ್ಯವನ್ನು ಬೇಡಿದನು. ಅದು ಪಂಚಾಶತ್ತಮ ಹಬ್ಬದ ಮರುದಿನವಾದ ಮೇ 27ರ ಸೋಮವಾರ ನಡೆಯಿತು. ಅಂದು ಎರಡು ಸುತ್ತುಗಳೂ ಟೇಲರನವಾದುವು. ಆ ಮೈದಾನದ ಅಧಿಕಾರಿಯಾಗಿದ್ದ ಆಂರಿ ದೆಗ್ರಾಂಜನು ಮುನಿದು ಬಹುಮಾನವನ್ನು ಚಿಲ್ಲರೆ ನಾಣ್ಯಗಳಲ್ಲಿ ಕೊಟ್ಟನೆಂದು ಹೇಳುವರು. ಇದೇ ದೆಗ್ರಾಂಜನು 1903ರಲ್ಲಿ ಫ್ರಾನ್ಸನ್ನು ಸುತ್ತುವ ಸುಪ್ರಸಿದ್ಧವಾದ ರಸ್ತೆಯ ಪಂದ್ಯವನ್ನು ಆರಂಭಿಸಿದವನು.

1902ರಲ್ಲಿ ಟೇಲರನು ಡೇಸಿ ಮಾರಿಸ್ ಎಂಬಾಕೆಯನ್ನು ವಿವಾಹವಾದನು. ಮುಂದೆ ಆಸ್ಟ್ರೇಲಿಯಕ್ಕೂ ಹೋಗಿ ಜಯಶಾಲಿಯಾದನು. 1904ರಲ್ಲಿ ಸಿಡ್ನಿ ನಗರದಲ್ಲಿ ಮಗಳು ಹುಟ್ಟಲು, ಆ ಊರಿನ ಹೆಸರನ್ನೇ ಅವಳ ಹೆಸರಿನಲ್ಲಿ ಸೇರಿಸಿದನು. ಆದರೆ ದಣಿವು ದೇಹವನ್ನೂ ಮನಸ್ಸನ್ನೂ ಹಿಡಿದಿತ್ತು. ಎರಡು ವರ್ಷಗಳಿಗೂ ಮೀರಿದ ವಿರಾಮದ ತರುವಾಯ ಪುನಃ ಯೂರೋಪಿಗೆ ಹೋದಾಗ ಹಿಂದಿನ ವೇಗವಿರಲಿಲ್ಲ, ಕರಾರು ಮಾಡುವವರಲ್ಲಿ ಹಿಂದಿನ ವಿನಯವೂ ಇರಲಿಲ್ಲ. ಈ ಕಡೆಗಾಲದಲ್ಲಿ ಅವನು ಆದಿತ್ಯವಾರವೂ ಪಂದ್ಯಕ್ಕೆ ಇಳಿದನು. ಸತ್ಪುರುಷರ ಚರಿತ್ರೆಯನ್ನು ಬರೆಯುವವರು ಇಂಥದನ್ನು ಬಿಟ್ಟುಬಿಡುವುದುಂಟು. ನಾವು ಬಿಡಲಿಲ್ಲ. ಬಲವಿದ್ದಾಗ ನೇಮವನ್ನು ಕಾಯುವುದು ಒಂದು. ಬಲವು ಕುಂದಿ ಸಂಸಾರದ ಭಾರವು ಹೆಚ್ಚಿದಾಗ ಕಾಯುವುದು ಮತ್ತೊಂದು. ಈ ಎರಡನೆಯ ಪರೀಕ್ಷೆಯಲ್ಲಿ ಬಾಗಿದವನನ್ನು ದೂಷಿಸುವುದಕ್ಕೆ ಮುಂಚೆ, ನಮ್ಮ ಸುತ್ತಮುತ್ತ ಹಾಗೆ ಒಂಟಿಯಾಗಿ ನಿಂತಿರುವವರು ಯಾರೆಂದು ವಿಚಾರಿಸುವುದು ಲೇಸು.

1910ರಲ್ಲಿ ಅವನು ಪಂದ್ಯಗಳನ್ನು ತ್ಯಜಿಸಿದನು. ತೊಡಗಿದ ವ್ಯಾಪಾರಗಳು ಕೈಗೂಡದೆ ಗಳಿಸಿದ ಐಶ್ವರ್ಯವು ಕರಗಿತು, ಮನೆಯನ್ನು ಮಾರಬೇಕಾಯಿತು, ಹೆಂಡತಿಯೂ ಅಗಲಿದಳು. ತನ್ನ ಚರಿತ್ರೆಯನ್ನು ತಾನೇ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ, ಮನೆಮನೆಗೆ ಹೊತ್ತು ಮಾರಿದನು. ಚಿಕಾಗೋ ನಗರದ ಕ್ರೈಸ್ತ ಯುವಜನರ ಸಂಘದ ವಸತಿಯಲ್ಲಿ ಕೆಲಕಾಲವಿದ್ದು, 1932ನೆಯ ಜೂನ್ 21ರಂದು ಬಡವರ ಆಸ್ಪತ್ರೆಯಲ್ಲಿ ತೀರಿಕೊಂಡನು. ಅವನನ್ನು ಗುರುತಿನ ಕಲ್ಲೂ ಇಲ್ಲದ ಗುಳಿಯಲ್ಲಿ ಹೂಳಿದರು.

1948ರಲ್ಲಿ ಹಳೆಯ ಸವಾರರು ಕೆಲವರು ಆ ಸ್ಥಳವನ್ನು ಹುಡುಕಿ, ಬೈಸಿಕಲ್ ತಯಾರಕನಾದ ಫ್ರಾಂಕ್ ಶ್ವಿನ್ನನ ಧನಸಹಾಯದಿಂದ ಅವನ ದೇಹವನ್ನು ಯೋಗ್ಯವಾದ ಸ್ಥಳಕ್ಕೆ ಸಾಗಿಸಿ ಕಂಚಿನ ಫಲಕವನ್ನಿಟ್ಟರು. 1982ರಲ್ಲಿ ಹುಟ್ಟೂರು ತನ್ನ ಸವಾರಿಯ ಮೈದಾನಕ್ಕೆ ಅವನ ಹೆಸರನ್ನು ಕೊಟ್ಟಿತು. 2008ರಲ್ಲಿ ವೂಸ್ಟರಿನಲ್ಲಿ ಅವನ ಸ್ಮಾರಕವು ಎದ್ದಿತು.

ಪೋಷಕರೇ, ನಿಮ್ಮ ಮಗಳು ಓದಿಗಾಗಲಿ ಉದ್ಯೋಗಕ್ಕಾಗಲಿ ಪರಸ್ಥಳಕ್ಕೆ ಹೊರಟಾಗ ಹಣವನ್ನೂ ಬಟ್ಟೆಯನ್ನೂ ಕೊಟ್ಟು ಕಳುಹಿಸುತ್ತೀರಿ. ಟೇಲರನ ತಾಯಿ ಮಗನಿಗೆ ಕೊಟ್ಟುದು ಅವುಗಳಿಗಿಂತ ದೀರ್ಘಕಾಲ ಬಾಳಿತು. ಅದನ್ನು ಕೊಟ್ಟುಕಳುಹಿಸಿರಿ, ಆಮೇಲೆ ಆಗಾಗ್ಗೆ ಪತ್ರ ಬರೆಯುತ್ತಲೂ ಇರಿ.