ಬರ್ನಂ ವನದ ಕಾರಂತರು

1957ರಲ್ಲಿ ಜಪಾನಿನ ಕುರೊಸಾವಾ ಅವರು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕಕ್ಕೆ ತಮ್ಮ ನಾಡಿನ ಪ್ರಾಚೀನ ‘ನೋ’ ರಂಗಭೂಮಿಯ ನಿಲುವು, ನಡೆಗಳನ್ನು ಕೊಟ್ಟು ಚಲನಚಿತ್ರವನ್ನು ರೂಪಿಸಿದರು. ಅದೇ ನಾಟಕಕ್ಕೆ 1979ರಲ್ಲಿ ದೆಹಲಿಯಲ್ಲಿ ಯಕ್ಷಗಾನದ ಹೆಜ್ಜೆ ಕಟ್ಟಿದವರು ನಮ್ಮ ಬಿ. ವಿ. ಕಾರಂತರು.

1929ರಲ್ಲಿ ಬಂಟವಾಳದ ಬಳಿಯ ಮಂಚಿಯಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲಿಯೇ ಮನೆ ತೊರೆದು ಗುಬ್ಬಿ ಕಂಪನಿಯನ್ನು ಸೇರಿದರು. ವೀರಣ್ಣನವರು ಅವರನ್ನು ಓದಲೆಂದು ಕಾಶಿಗೆ ಕಳುಹಿಸಿದರು. ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದರ ನಿರ್ದೇಶಕರಾದರು. ಇಷ್ಟು ದೂರ ನಡೆದ ಮೇಲೂ, ಹಿಂದಿಯ ‘ಬರ್ನಂ ವನ’ಕ್ಕೆ ಬೇಕಾದ ಲಯವನ್ನು ಅವರು ಅರಸಿದ್ದು ಹುಟ್ಟಿದ ಕರಾವಳಿಯಲ್ಲಿ.

ಪರಂಪರೆಯ ವೇಷವನ್ನಷ್ಟೇ ಎರವಲು ತಂದರೆ ಅದು ಅಲಂಕಾರವಾದೀತು; ಅದರ ಗತಿ ನಟನ ಮೈಗೂಡಬೇಕು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ ಕಾರಂತರು 2002ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಆ ಕಠಿಣ ಸಾಧನೆಯ ಹೊಣೆ ಇಂದಿನ ನಟರದು.